ಅಮ್ಮಿಯ ತೂಕದ ಚೀಲ

ನಮ್ಮ ಅಡುಗೆಮನೆಗೂ ಅಬ್ಬಾರ ಕುಲುಮೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಆಚೆ ಅಬ್ಬಾ ಲಾರಿಯ ಕಮಾನು ಪಟ್ಟಿ ಬಡಿಯುತ್ತಿದ್ದರೆ ಈಚೆ ಅಮ್ಮಿ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಗೂಡಿನಲ್ಲಿದ್ದ ಡಬ್ಬಿಗಳು ಸುತ್ತಿಗೆಯ ಪ್ರತಿ ಏಟಿಗೂ ಕೂದಲೆಳೆಯಷ್ಟು ಮುಂದೆ ಸರಿದು, ಮಧ್ಯಾಹ್ನದ ಊಟದ ಹೊತ್ತಿಗೆ ಅಂಚಿಗೆ ಬಂದು ನಿಂತಿರುತ್ತಿದ್ದವು. ಅವನ್ನು ಮತ್ತೆ ಹಿಂದಕ್ಕೆ ತಳ್ಳಿಡುವುದು ನನ್ನ ಪಾಲಿನ ಕೆಲಸ. ಕಮಾನು ಪಟ್ಟಿ ಅಂದರೆ ಗಾಡಿಯ ಕೆಳಗೆ ಒಂದರ ಮೇಲೊಂದು ಜೋಡಿಸಿ ಬಿಗಿದ, ಬಾಗಿದ ಉಕ್ಕಿನ ಪಟ್ಟಿಗಳು. ಗಾಡಿಯ ಭಾರವನ್ನೂ ರಸ್ತೆಯ ಗುಂಡಿಗಳನ್ನೂ ತಾಳಿಕೊಳ್ಳುವುದು ಅವೇ. ನಮ್ಮ ಸಂಸಾರ ನಡೆಯುತ್ತಿದ್ದುದೂ ಅವುಗಳಿಂದಲೇ. ಹಿತ್ತಲ ಬಾಗಿಲಿನ ಅಗುಳಿ ಮುರಿದ ಪಟ್ಟಿಯದು, ಈಳಿಗೆಯ ಅಲಗು ಪಟ್ಟಿಯದು, ಬಕ್ರೀದಿನಲ್ಲಿ ಬೀದಿಯವರೆಲ್ಲ ಕೇಳಿ ಒಯ್ಯುತ್ತಿದ್ದ ಚೂರಿಯೂ ಪಟ್ಟಿಯದೇ. ಅಂಗಡಿಯಿಂದ ತಂದ ಯಾವ ವಸ್ತುವಿನ ಮೇಲೂ ಅಬ್ಬಾರಿಗೆ ನಂಬಿಕೆ ಇರಲಿಲ್ಲ. ತಾವು ಕಾಯಿಸಿ, ಬಡಿದು, ಹದ ಕೊಟ್ಟದ್ದು ಮಾತ್ರ ಅವರ ಲೆಕ್ಕದಲ್ಲಿ ಇತ್ತು. ಮಿಕ್ಕದ್ದೆಲ್ಲ ಇದ್ದರೂ ಇಲ್ಲದ ಹಾಗೆ. ಈಗ ನಾನಿರುವ ದೇವರಾಜ ಅರಸು ಬಡಾವಣೆಯ ಮನೆಯಲ್ಲಿ ಡಬ್ಬಿಗಳು ಇಟ್ಟ ಜಾಗದಲ್ಲೇ ಇರುತ್ತವೆ. ಆದರೂ ಊಟಕ್ಕೆ ಕೂರುವ ಮೊದಲು ನನ್ನ ಕೈ ಅವನ್ನೊಮ್ಮೆ ಹಿಂದಕ್ಕೆ ಒತ್ತುತ್ತದೆ.

ಮನೆಯಲ್ಲಿ ನಾವು ಆಡುತ್ತಿದ್ದ ಮಾತು ಅರ್ಧ ಉರ್ದು, ಅರ್ಧ ಕನ್ನಡ. ಜಗಳ ಮಾತ್ರ ಪೂರ್ತಿ ಕನ್ನಡ, ಏಕೆಂದರೆ ಇಬ್ಬರಿಗೂ ಬಸಣ್ಣನ ಸಾಕ್ಷಿ ಬೇಕಾಗುತ್ತಿತ್ತು. ಬಸಣ್ಣ ಅಬ್ಬಾರ ಜೊತೆ ದೊಡ್ಡ ಸುತ್ತಿಗೆ ಬೀಸುತ್ತಿದ್ದವನು. ಊರು ಕೊಕ್ಕನೂರು. ಹರಿಹರದಲ್ಲಿ ಬಸ್ಸು ಬದಲಿಸಿ ದಾವಣಗೆರೆಗೆ ಬರುತ್ತಿದ್ದುದರಿಂದ ಅಮ್ಮಿಯ ತವರಿನ ಸುದ್ದಿಯೂ ಅವನ ಜೊತೆಗೇ ಬರುತ್ತಿತ್ತು. ಅಮ್ಮಿಯ ತವರು ಹರಿಹರದಲ್ಲಿ, ಹೊಳೆಯ ಕಡೆಗೆ. ನಮ್ಮೂರಿನಲ್ಲಿ ಬಸ್ಸು ಹತ್ತಿದರೆ ಒಂದು ಸಣ್ಣ ನಿದ್ದೆಯೂ ಪೂರ್ತಿಯಾಗದಷ್ಟು ದೂರ. ಆ ದೂರ ದಾಟಲಿಕ್ಕೆ ನನ್ನ ಅಮ್ಮಿಗೆ ನನ್ನ ಬಾಲ್ಯವಿಡೀ ಬೇಕಾಯಿತು.

ಆದದ್ದು ಇಷ್ಟೆ. ಅಮ್ಮಿಯ ತಂಗಿಯ ಮದುವೆ. ಅವತ್ತು ಬಸ್ಸುಗಳೆಲ್ಲ ತುಂಬಿ ಹೋಗುತ್ತಿದ್ದವು. ಅಬ್ಬಾ ತಮ್ಮ ಗಿರಾಕಿಯ ಲಾರಿಯ ಮುಂದಿನ ಸೀಟಿನಲ್ಲಿ ನಮ್ಮನ್ನು ಕೂರಿಸಿಕೊಂಡು ಹೊರಟರು. ಲಾರಿ ಸೀದಾ ಚಪ್ಪರದ ಎದುರಿಗೇ ನಿಂತಿತು. ಅಮ್ಮಿ ಆಗ ತುಂಬಿದ ಮೈಯವಳು. ಬುರ್ಖಾ ಕಾಲಿಗೆ ತೊಡರಿ ಇಳಿಯಲಾಗಲಿಲ್ಲ. ಅಬ್ಬಾ ಅವಳನ್ನು ಸೊಂಟ ಹಿಡಿದು ಎತ್ತಿ ಇಳಿಸಬೇಕಾಯಿತು, ಬಂದ ಮಂದಿಯೆಲ್ಲ ನೋಡುತ್ತಿದ್ದಂತೆ. ಬಾಗಿಲಲ್ಲಿ ಅತ್ತರು ಹಚ್ಚುತ್ತ ನಿಂತಿದ್ದ ಮಾಮು, ಅಮ್ಮಿಯ ಸ್ವಂತ ಅಣ್ಣ, ಎಲ್ಲರಿಗೂ ಕೇಳುವ ಹಾಗೆ ಅಂದರು:

"ಲೋಡು ಹಿಂದಿನ ಬಾಗಿಲಾಗೆ ಇಳಿಸ್ರಪ್ಪ, ಇಲ್ಲಿ ಮಂದಿ ಕುಂತಾರೆ."

ಜನ ನಕ್ಕರು. ಮಾಮು ತಮಾಷೆಗೇ ಅಂದಿರಬೇಕು. ಬಟ್ಟೆ ಅಂಗಡಿಯವರು, ಬಾಯಿ ಬಿಟ್ಟರೆ ಹತ್ತು ಜನ ನಗಬೇಕು ಅನ್ನುವ ಚಾಳಿ. ಆದರೆ ಅಬ್ಬಾರ ಅಂಗಿಯ ತೋಳಿಗೆ ಲಾರಿಯ ಗ್ರೀಸು ಮೆತ್ತಿತ್ತು, ಅದನ್ನು ಅವರು ಇನ್ನೊಂದು ಕೈಯಿಂದ ಮುಚ್ಚಿಕೊಂಡರು. ಅದನ್ನು ಅಮ್ಮಿ ನೋಡಿದಳು. ಹೊಸ್ತಿಲು ದಾಟದೆ ಅಲ್ಲೇ ನಿಂತಳು.

"ಇನ್ನ ಈ ಹೊಸ್ತಿಲಿಗೆ ಬಂದ್ರೆ ನನ್ನ ಗಂಡನ ಕಾರಿನಾಗೇ ಬರ್ತೀನಿ. ಅಲ್ಲೀತನ ನನ್ನ ಯಾರೂ ಕರೀಬ್ಯಾಡ್ರಿ."

ನಾವು ಊಟ ಮಾಡದೆ ತಿರುಗಿ ಬಂದೆವು. ಬಿರಿಯಾನಿಯ ಹಂಡೆ ತೆರೆದ ಘಮ ನನ್ನ ಮೂಗಿನಲ್ಲಿ ಹಾಗೇ ಇತ್ತು. ದಾವಣಗೆರೆ ಬರುವವರೆಗೂ ನಾನು ಅತ್ತದ್ದು ಬಿರಿಯಾನಿಗಾಗಿ, ಬೇರೆ ಯಾವುದಕ್ಕೂ ಅಲ್ಲ. ಅಮ್ಮಿ ಸಿಟ್ಟಿನಲ್ಲಿ ಆಡಿದ ಮಾತು ವಾರದೊಳಗೆ ತಣ್ಣಗಾಗಬೇಕಿತ್ತು. ಬೇರೆ ಮನೆಯಲ್ಲಾಗಿದ್ದರೆ ಆಗುತ್ತಲೂ ಇತ್ತು. ನಮ್ಮ ದುರಾದೃಷ್ಟ, ಅಬ್ಬಾ ಮಾತನ್ನು ಮಾತೆಂದು ಕೇಳುವ ಮನುಷ್ಯರಲ್ಲ. ಲಾರಿಯವರು ಇಷ್ಟು ಉದ್ದದ ಪಟ್ಟಿ ಬೇಕು ಅಂದರೆ ಹೇಗೆ ಕೇಳಿಸಿಕೊಳ್ಳುತ್ತಿದ್ದರೋ ಇದನ್ನೂ ಹಾಗೆಯೇ ಕೇಳಿಸಿಕೊಂಡರು. ಅವರ ಪಾಲಿಗೆ ಅದು ಆರ್ಡರು.

ಕಾರು ಬಂದದ್ದು ಬಾಗಿಲು ಮುಚ್ಚಿದ ಒಂದು ಮಿಲ್ಲಿನ ಶೆಡ್ಡಿನಿಂದ. ಯಾವ ಕಾಲದ್ದೋ, ಯಾವ ದೇಶದಿಂದ ಬಂದದ್ದೋ. ಕರಿಯ ಬಣ್ಣ, ಉದ್ದ ಮೂತಿ, ಒಳಗೆ ಇಂಜಿನ್ನೇ ಇಲ್ಲ. ಹಿಂದಿನ ಸೀಟಿನಲ್ಲಿ ಕೋಳಿಗಳು ಮೊಟ್ಟೆ ಇಟ್ಟುಕೊಂಡಿದ್ದವು. ಅದನ್ನು ಅಂಗಳಕ್ಕೆ ತರಲು ಬೀದಿಯ ಕಡೆಯ ಗೋಡೆ ಒಡೆದರು. ಆ ಗೋಡೆ ಮತ್ತೆ ಮೇಲೇಳಲೇ ಇಲ್ಲ. ಗೋಣಿ ತಾಟಿನ ಪರದೆ ಕಟ್ಟಿ ಅದರ ಹಿಂದೆ ಅಮ್ಮಿ ಪಾತ್ರೆ ತಿಕ್ಕಿದಳು. ಕರಿಬೇವಿನ ಗಿಡ ಹೋಯಿತು, ಬಟ್ಟೆ ಒಣಗಿಸುವ ತಂತಿ ಹೋಯಿತು. ತುಕ್ಕು ತಿಂದ ಚಾವಣಿಯನ್ನು ಅಬ್ಬಾ ಕತ್ತರಿಸಿ ಬಿಸಾಕಿದರು, ಚಕ್ರದ ಮೇಲಿನ ಮಡ್ಗಾರ್ಡುಗಳನ್ನೂ ಕಳಚಿದರು. ಗುಜರಿಗೆ ಬಂದ ಲಾರಿಯೊಂದರ ಇಂಜಿನ್ನನ್ನು ಆ ಮೂತಿಯೊಳಗೆ ಕೂರಿಸಿದರು. ಹೊರದೇಶಗಳಲ್ಲಿ ಹೀಗೆ ಹಳೇ ಕಾರು ಕತ್ತರಿಸಿ, ದೊಡ್ಡ ಇಂಜಿನ್ನು ಹಾಕಿ, ನೆಲಕ್ಕೆ ತಗ್ಗಿಸಿ ಓಡಿಸುವ ಷೋಕಿ ಇದೆಯಂತೆ. ಅದಕ್ಕೆ ಹಾಟ್ ರಾಡ್ ಅನ್ನುತ್ತಾರೆಂದು ಈಚೆಗೆ ಒಬ್ಬ ಮೆಕ್ಯಾನಿಕ್ ತನ್ನ ಫೋನಿನಲ್ಲಿ ತೋರಿಸಿದ. ನಮ್ಮ ಬೀದಿ ಅದಕ್ಕೆ ಇಟ್ಟ ಹೆಸರು ಪಟ್ಟಿ ಸಾಬ್ರ ಬೋಳು ಕಾರು.

ಲಾರಿಯ ಇಂಜಿನ್ನಿನ ಭಾರಕ್ಕೆ ಕಾರಿನ ಮೂತಿ ನೆಲಕ್ಕೆ ಇಳಿಯಿತು, ಹಳೇ ಪಟ್ಟಿಗಳು ಒಂದಾದ ಮೇಲೊಂದು ಲಟ್ಟನೆ ಮುರಿದವು. ಆ ಕಾರಿನ ಪಟ್ಟಿ ಯಾವ ಅಂಗಡಿಯಲ್ಲೂ ಸಿಗುವಂಥದ್ದಲ್ಲ. ಸಿಕ್ಕಿದ್ದರೂ ಅಬ್ಬಾ ತರುತ್ತಿರಲಿಲ್ಲ ಬಿಡಿ. ನಾಲ್ಕೂ ಚಕ್ರಕ್ಕೆ ಹೊಸದಾಗಿ ತಾವೇ ಮಾಡುವುದೆಂದು ನಿಂತರು. ಪಟ್ಟಿಗೆ, ಅದನ್ನು ತೂಗಿಹಾಕುವ ಕೊಂಡಿಗೆ, ಕೊಂಡಿಯ ಪಿನ್ನಿಗೆ, ಎಲ್ಲಕ್ಕೂ ಮನೆಯದೇ ಉಕ್ಕು. ಕಾರು ಎಷ್ಟು ಕೆಳಗಿರಬೇಕೆಂದು ಬಸಣ್ಣ ಕೇಳಿದ್ದಕ್ಕೆ ಅಬ್ಬಾ ಕೊಟ್ಟ ಉತ್ತರ ನನಗೆ ನೆನಪಿದೆ.

"ಅವಳು ಕಾಲು ಚಾಚಿದ್ರೆ ನೆಲ ಸಿಗಬೇಕು. ಯಾರೂ ಎತ್ತಿ ಇಳಿಸಬಾರ್ದು."

ಲಾರಿಯ ಪಟ್ಟಿ ಮಾಡುವುದು ಅಬ್ಬಾರಿಗೆ ನೀರು ಕುಡಿದಷ್ಟು ಸಲೀಸು. ಲಾರಿಯ ಲೋಡಿಗೆ ಬಾಯಿ ಇಲ್ಲ, ಕುಲುಕಿದರೂ ದೂರುವುದಿಲ್ಲ. ಮನುಷ್ಯರಿಗೆ ಮಾಡುವುದು ಬೇರೆ ವಿದ್ಯೆ. ಕೆಂಪಗೆ ಕಾದ ಪಟ್ಟಿಯನ್ನು ಬಾಗಿಸಿ, ಎಣ್ಣೆಯ ಡ್ರಮ್ಮಿಗೆ ಇಳಿಸಿ, ಮತ್ತೆ ಹದವಾಗಿ ಕಾಯಿಸಿ, ಒಣಗಿದ ಬೇವಿನ ಕಡ್ಡಿಯನ್ನು ಅದರ ಮೇಲೆ ಉಜ್ಜುತ್ತಿದ್ದರು. ಕಡ್ಡಿಯ ತುದಿಯಲ್ಲಿ ಕಿಡಿ ಓಡಾಡಿದರೆ ಹದ ಬಂತು ಎಂದರ್ಥ. ಕಡ್ಡಿ ಹೊತ್ತಿಕೊಂಡರೆ ಹದ ಮೀರಿ ಪಟ್ಟಿ ಮೆತ್ತಗಾಯಿತು. ಏನೂ ಆಗದಿದ್ದರೆ ಅದು ಗಡಸಾಗಿಯೇ ಉಳಿದು ಒಂದು ದಿನ ಮುರಿಯುತ್ತದೆ. ಡ್ರಮ್ಮಿನಿಂದ ಏಳುವ ಹೊಗೆ ಸೀದಾ ಅಡುಗೆಮನೆಗೆ ಬರುತ್ತಿತ್ತು. ನಮ್ಮ ಸಾರಿಗೆ, ಹಾಲಿಗೆ, ರಮ್ಜಾನಿನ ಖೀರಿಗೂ ಸುಟ್ಟ ಎಣ್ಣೆಯ ವಾಸನೆ. ಅಮ್ಮಿಗೆ ಕೆಮ್ಮು ಶುರುವಾದದ್ದು ಆಗಲೇ.

ಪಟ್ಟಿಗೆ ಎಷ್ಟು ಬಾಗು, ಒಂದರ ಮೇಲೊಂದು ಎಷ್ಟು ಪದರ ಅನ್ನುವುದು ಮೇಲೆ ಕೂರುವ ಭಾರವನ್ನು ಅವಲಂಬಿಸಿದ್ದು. ಬೇರೆ ಯಾರಾದರೂ ಒಂದು ಅಂದಾಜು ಹಿಡಿಯುತ್ತಿದ್ದರು. ಅಬ್ಬಾರಿಗೆ ಕೂರುವವರು ಯಾರೆಂದು ಗೊತ್ತಿತ್ತಲ್ಲ: ಎಡಗಡೆ, ಇಳಿಯುವ ಬಾಗಿಲ ಪಕ್ಕದಲ್ಲಿ ಅಮ್ಮಿ, ನಡುವೆ ನಾನು, ಬಲಗಡೆ ಅಬ್ಬಾರ ತಾಯಿ, ನಮ್ಮ ದಾದಿ. ಹತ್ತಿ ಮಂಡಿಗೆ ಬಂದು ತಕ್ಕಡಿಯ ಮೇಲೆ ನಿಲ್ಲು ಎಂದು ಅಮ್ಮಿಗೆ ಹೇಳಿದರು.

"ಹಮಾಲರ ಮುಂದೆ ನಿಲ್ಸಿ ತೂಗಾಕ ನಾನೇನು ಹತ್ತಿ ಅಂಡಿಗೆ ಏನ್ರಿ?"

ಆಗ ಅವರು ಮನೆಯಲ್ಲೇ ಉಪಾಯ ಮಾಡಿದರು. ಪಡಸಾಲೆಯಲ್ಲಿ ಎರಡು ಕಲ್ಲಿನ ಮೇಲೆ ಒಂದು ಉದ್ದನೆಯ ಪಟ್ಟಿ ಇಟ್ಟು, ಅದರ ಮೇಲೆ ಹಲಗೆ ಕಟ್ಟಿ ಅಮ್ಮಿಯನ್ನು ಕೂರಿಸಿದರು. ಹಲಗೆ ಎಷ್ಟು ಕೆಳಗೆ ಬಗ್ಗಿತೋ ಅಲ್ಲಿಗೆ ಗೋಡೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆದರು. ಅಮ್ಮಿ ಮೊದಲು ನಾಚಿದಳು, ಆಮೇಲೆ ಹಲಗೆ ಕುಲುಕಿದ್ದಕ್ಕೆ ನಕ್ಕಳು, ನಗುವಿಗೆ ಹಲಗೆ ಇನ್ನಷ್ಟು ಕುಲುಕಿತು. ಅಬ್ಬಾ ಸೀಮೆಸುಣ್ಣ ಹಿಡಿದು, ಅಲ್ಲಾಡಬೇಡ, ಗೆರೆ ಸೊಟ್ಟ ಆಗ್ತೈತೆ, ಅನ್ನುತ್ತಿದ್ದರು. ದಾದಿ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ನಮ್ಮ ಮನೆಯಲ್ಲಿ ಎಲ್ಲರೂ ಒಟ್ಟಿಗೆ ನಕ್ಕ ಇನ್ನೊಂದು ದಿನವನ್ನು ನೆನಪಿಸಿಕೊಳ್ಳಲು ಹೋದರೆ ನನಗೆ ಸಿಗುವುದಿಲ್ಲ.

ಆಮೇಲೆ ಮರಳಿನ ಲಾರಿಯವನೊಬ್ಬ ಹರಿಹರದ ಹೊಳೆಯ ಮರಳನ್ನು ಮನೆ ಮುಂದೆ ಸುರಿದು ಹೋದ. ಅಮ್ಮಿಯೇ ದಬ್ಬಳ ಹಿಡಿದು ಮೂರು ಗೋಣಿಚೀಲ ಹೊಲಿದಳು. ಹಲಗೆ ಅದೇ ಗೆರೆಗೆ ಬಗ್ಗುವವರೆಗೆ ಅಬ್ಬಾ ಮರಳು ತುಂಬಿಸಿ ಬಾಯಿ ಕಟ್ಟಿದರು. ಹೀಗೆ ಅಮ್ಮಿಯ ಚೀಲ, ದಾದಿಯ ಚೀಲ, ನನ್ನ ಚೀಲ ತಯಾರಾಗಿ ಕಾರಿನ ಹಿಂದಿನ ಸೀಟಿನಲ್ಲಿ ಕೂತವು. ಅಮ್ಮಿಯ ಭಾರಕ್ಕೆಂದು ಎಡಗಡೆಯ ಹಿಂದಿನ ಚಕ್ರಕ್ಕೆ ಅಬ್ಬಾ ಒಂದು ಪಟ್ಟಿ ಜಾಸ್ತಿ ಹಾಕಿದರು. ಅಮ್ಮಿ ಒಲೆಯ ಮುಂದೆ ಬೇಯುತ್ತಿರುವಾಗ ಅವಳ ತೂಕ ಮಾತ್ರ ಹೊರಗೆ ಕಾರಿನಲ್ಲಿ ಆರಾಮಾಗಿ ಕೂತಿರುತ್ತಿತ್ತು.

ವರ್ಷಗಳು ಹೋದವು. ಹೊಟ್ಟೆಪಾಡಿನ ಲಾರಿ ಕೆಲಸ ಮುಗಿದ ಮೇಲೆ ಉಳಿದ ಹೊತ್ತೆಲ್ಲ ಕಾರಿಗೆ. ಒಂದು ಪಟ್ಟಿ ಮೆತ್ತಗಾಗಿ ಕುಸಿದರೆ ಇನ್ನೊಂದು ಗಡಸಾಗಿ ಮುರಿಯಿತು. ನಾಲ್ಕೂ ಸರಿಬಂದಾಗ ದಾದಿ ತೀರಿಕೊಂಡಳು. ಅಬ್ಬಾ ನಲವತ್ತನೇ ದಿನದ ಚಾಳೀಸ್ವಾ ಮುಗಿಸಿ ಬಂದವರೇ ದಾದಿಯ ಚೀಲವನ್ನು ಕೆಳಗಿಳಿಸಿ, ಮರಳನ್ನು ಅಂಗಳಕ್ಕೆ ಸುರಿದು, ಬಲಗಡೆಯ ಪಟ್ಟಿಗಳನ್ನು ಮೊದಲಿನಿಂದ ಮಾಡಿದರು. ನಾನು ಬೆಳೆಯುತ್ತಿದ್ದೆ, ಪ್ರತಿ ರಮ್ಜಾನಿಗೆ ಹಲಗೆಯ ಮೇಲೆ ಕೂರಿಸಿ ನನ್ನ ಚೀಲಕ್ಕೆ ಒಂದಿಷ್ಟು ಮರಳು ಸೇರಿಸುತ್ತಿದ್ದರು. ಸತ್ತವರ ಲೆಕ್ಕ ಇಟ್ಟರು, ಬೆಳೆಯುವವರ ಲೆಕ್ಕ ಇಟ್ಟರು. ಹೆಂಡತಿಯನ್ನು ಮಾತ್ರ ಮತ್ತೊಮ್ಮೆ ತೂಗಿ ನೋಡಬೇಕೆಂದು ಅವರಿಗೆ ಹೊಳೆಯಲಿಲ್ಲ. ಅವಳು ಇದ್ದ ಹಾಗೇ ಇರುತ್ತಾಳೆ ಅಂದುಕೊಂಡಿದ್ದರು.

ಅಮ್ಮಿ ಇದ್ದ ಹಾಗೆ ಇರಲಿಲ್ಲ. ಕೆಮ್ಮು ಎದೆಯಲ್ಲಿ ಬೇರು ಬಿಟ್ಟಿತ್ತು. ಬಳೆ ಮೊಣಕೈವರೆಗೆ ಜಾರುತ್ತಿತ್ತು, ರವಿಕೆಗಳಿಗೆ ಒಳಗಿನಿಂದ ಹೊಲಿಗೆಯ ಮೇಲೆ ಹೊಲಿಗೆ ಬೀಳುತ್ತಿತ್ತು. ತನ್ನ ರೊಟ್ಟಿಯನ್ನು ಮುರಿದು ಬಸಣ್ಣನ ತಟ್ಟೆಗೆ ಹಾಕಿ, ನನಗೆ ಹಸಿವಿಲ್ಲ ಅನ್ನುತ್ತಿದ್ದಳು. ಬಸಣ್ಣ ಹರಿಹರದಿಂದ ಅಮ್ಮಿಯ ತಾಯಿ, ನಮ್ಮ ನಾನಿ, ಹಾಕಿದ ಉಪ್ಪಿನಕಾಯಿ ತಂದ ದಿನ ಮಾತ್ರ ಎರಡು ತುತ್ತು ಹೆಚ್ಚಿಗೆ ಇಳಿಯುತ್ತಿತ್ತು. ಒಂದು ಬೆಳಿಗ್ಗೆ ಬಸಣ್ಣ ಬರಿಗೈಯಲ್ಲಿ ಬಂದ. ನಾನಿ ಹಾಸಿಗೆ ಹಿಡಿದಿದ್ದಾಳೆ, ಮಗಳು ಬಂದಳಾ ಅಂತ ಕೇಳುತ್ತಿದ್ದಾಳೆ ಅಂದ. ಅವತ್ತು ಅಮ್ಮಿ ಲಟ್ಟಣಿಗೆ ಹಿಡಿದುಕೊಂಡೇ ಕುಲುಮೆಗೆ ಹೋದಳು.

"ನಾನು ಸಿಟ್ಟಿಗೆ ಅಂದ ಮಾತು ಅದು, ಬಿಡ್ರಿ. ಬಸ್ಸಿಗೆ ಹೋಗಿ ಬರಾನ."

"ನಿನ್ನ ಮಾತು ನೀನು ಬಿಡಬಹುದು, ನಾನು ಬಿಡಾಂಗಿಲ್ಲ. ಕೊನೇ ಪಟ್ಟಿ ಐತೆ. ಇದೊಂದು ಹದಕ್ಕೆ ಬಂದ್ರೆ ಆತು."

"ಅಲ್ಲೀತನ ನಮ್ಮಮ್ಮಿ ಇರಬೇಕಲ್ರಿ. ಬಸಣ್ಣ, ನೀನಾದ್ರೂ ಹೇಳಪ್ಪ."

ಬಸಣ್ಣ ಹೇಳಿದ. ಪ್ರಯೋಜನವಾಗಲಿಲ್ಲ. ಆದರೆ ಅವರಿಬ್ಬರೂ ಲಾರಿಯ ಕೆಲಸವನ್ನು ಪಕ್ಕಕ್ಕಿಟ್ಟು ಅದೊಂದೇ ಪಟ್ಟಿಗೆ ನಿಂತರು, ಪಟ್ಟಿ ಹದಕ್ಕೆ ಬಂತು. ಶುಕ್ರವಾರದ ನಮಾಜು ಮುಗಿಸಿ ಹೊರಡುವುದೆಂದಾಯಿತು. ಅಮ್ಮಿ ಬುರ್ಖಾಕ್ಕೆ ಇಸ್ತ್ರಿ ಹಾಕಿದಳು, ನಾನಿಗೆಂದು ಶಾವಿಗೆ ಖೀರು ಮಾಡಿ ಡಬ್ಬಿಗೆ ತುಂಬಿದಳು. ಅಬ್ಬಾ ಕಾರನ್ನು ಬೀದಿಗೆ ಇಳಿಸಿ ಚೀಲಗಳನ್ನು ತೆಗೆದು ಗೋಡೆಗೆ ಒರಗಿಸಿದರು. ಇಡೀ ಬೀದಿ ನೋಡಲು ನಿಂತಿತ್ತು. ಅಮ್ಮಿ ಕಾಲಿಟ್ಟು ಹತ್ತಿ ಕೂತಳು, ಯಾರೂ ಕೈ ಕೊಡಬೇಕಾಗಲಿಲ್ಲ. ಪಕ್ಕದಲ್ಲಿ ನಾನು, ತೊಡೆಯ ಮೇಲೆ ಖೀರಿನ ಡಬ್ಬಿ. ಇನ್ನೇನು ಇಂಜಿನ್ನು ಚಾಲೂ ಮಾಡಬೇಕು, ಅಬ್ಬಾ ಒಮ್ಮೆ ಹಿಂದಿನಿಂದ ನೋಡಿ ಬರುತ್ತೇನೆಂದು ಹೋದರು. ಹೋದವರು ಅಲ್ಲೇ ನಿಂತರು.

ಕಾರಿನ ಎಡ ಮೂಲೆ ಎರಡು ಬೆರಳಿನಷ್ಟು ಮೇಲೆ ನಿಂತಿತ್ತು. ಚೀಲ ಕೂತಾಗ ಸಮವಾಗಿದ್ದ ಕಾರು ಅಮ್ಮಿ ಕೂತರೆ ಸೊಟ್ಟ.

"ಸರಿಯಾಗಿ ಕೂಡ್ರು."

"ಸರಿಯಾಗೇ ಕುಂತೀನ್ರಿ."

ಅಬ್ಬಾ ಗೋಡೆಗೆ ಒರಗಿದ್ದ ಚೀಲವನ್ನು ನೋಡಿದರು, ಅಮ್ಮಿಯನ್ನು ನೋಡಿದರು. ಇಷ್ಟು ವರ್ಷಗಳಲ್ಲಿ ಅವಳ ಮೈ ಎಷ್ಟು ಇಳಿದಿದೆ ಅನ್ನುವುದು ಅವರಿಗೆ ಕಣ್ಣಿನಿಂದ ತಿಳಿದಿರಲಿಲ್ಲ, ಪಟ್ಟಿಯಿಂದ ತಿಳಿಯಿತು. ಮುಖದ ಬಣ್ಣವೇ ಹೋಯಿತು. ಆಗ ಅವರು ಬಂದು ಅವಳ ಪಕ್ಕ ನಿಂತು ಏನಾದರೂ ಒಂದು ಮಾತು ಕೇಳಿದ್ದರೆ, ಊಟ ಮಾಡಿದ್ದೀಯಾ ಅಂತಲಾದರೂ ಕೇಳಿದ್ದರೆ, ನಾನು ಅವರನ್ನು ಎಲ್ಲಕ್ಕೂ ಕ್ಷಮಿಸುತ್ತಿದ್ದೆ. ಅವರು ಅಂದದ್ದು ಒಂದೇ ಮಾತು.

"ಇಳಿ."

ಬಸಣ್ಣ ಅಡ್ಡ ಬಂದ.

"ಹೋಗಿ ಬರ್ರಿ ಸಾಬ್ರೆ. ಎರಡು ಬೆರಳು ಸೊಟ್ಟ ಇದ್ರೆ ಯಾರು ನೋಡ್ತಾರೆ?"

"ಅವಳಣ್ಣ ನೋಡ್ತಾನೆ."

"ಹಂಗಾರೆ ಭಾಬಿ ಕಾಲಡಿಗೆ ಒಂದಿಷ್ಟು ಮರಳು ಇಡಾನ. ಸಮ ಆಕ್ಕತಿ."

"ಮರಳು ಹೇರ್ಕೊಂಡು ತವರಿಗೆ ಹೋಗ್ತಾಳೇನು ಅವಳು? ಅವನು ಮತ್ತೆ ಲೋಡು ಅನ್ನಬೇಕಾ? ಒಂದು ಪಟ್ಟಿ ತೆಗೆದು ಹದ ಮಾಡಿದ್ರೆ ಆತು. ನಾಳೆ ಹೋಗಾನ."

ಅಮ್ಮಿ ಇಳಿದಳು. ಬೀದಿಯವರು ಒಬ್ಬೊಬ್ಬರಾಗಿ ಒಳಗೆ ಹೋದರು. ಖೀರನ್ನು ಆ ಸಂಜೆ ನಾನೇ ತಿಂದೆ, ಅಮ್ಮಿ ತಿನ್ನು ಅಂದಳು. ಮರುದಿನ ಬೆಳಿಗ್ಗೆ ಅಬ್ಬಾ ಕಾರನ್ನು ಕಲ್ಲಿನ ಮೇಲೆ ನಿಲ್ಲಿಸಿ, ಎಡ ಹಿಂದಿನ ಚಕ್ರ ಕಳಚಿ, ಪಟ್ಟಿಗಳನ್ನು ಬಿಚ್ಚಿ ಕುಲುಮೆಯ ಮುಂದೆ ಹರವಿಕೊಂಡಿದ್ದರು. ಬಸಣ್ಣ ಬಂದ. ಎಂದಿನಂತೆ ಅಂಗಿ ಕಳಚಿ ಗೂಟಕ್ಕೆ ಹಾಕಲಿಲ್ಲ. ಅಡುಗೆಮನೆಯ ಬಾಗಿಲಿಗೆ ಬಂದು ತಲೆ ತಗ್ಗಿಸಿ ನಿಂತ. ಅಮ್ಮಿ ಕೈಗೆ ಮೆತ್ತಿದ್ದ ಹಿಟ್ಟು ತೊಳೆದುಕೊಂಡಳು, ಬುರ್ಖಾ ಹಾಕಿಕೊಂಡಳು, ನನ್ನ ಕೈ ಹಿಡಿದಳು, ಗೋಣಿ ತಾಟಿನ ಪರದೆ ಸರಿಸಿ ಬಸ್ ಸ್ಟ್ಯಾಂಡಿನ ಕಡೆ ನಡೆದಳು. ಅಬ್ಬಾ ಕೈಯಲ್ಲಿದ್ದ, ನಟ್ಟು ಬಿಚ್ಚುವ ಪಾನಾ ಹಾಗೇ ಹಿಡಿದುಕೊಂಡು ನಮ್ಮ ಹಿಂದೆ ಬಂದರು. ಬಸ್ಸಿನಲ್ಲಿ ನಾವು ಮುಂದೆ ಹೆಂಗಸರ ಸೀಟಿನಲ್ಲಿ, ಅವರು ಹಿಂದಿನ ಬಾಗಿಲ ಹತ್ತಿರ ಕಂಬಿ ಹಿಡಿದು ನಿಂತಿದ್ದರು. ಅಮ್ಮಿ ಒಮ್ಮೆಯೂ ತಿರುಗಿ ನೋಡಲಿಲ್ಲ.

ಆ ಮನೆಯ ಹೊಸ್ತಿಲಲ್ಲಿ ನಾವು ಯಾವುದರಲ್ಲಿ ಬಂದೆವೆಂದು ಯಾರೂ ನೋಡಲಿಲ್ಲ. ಮಾಮು ಓಡಿ ಬಂದು ಅಮ್ಮಿಯನ್ನು ತಬ್ಬಿಕೊಂಡು ಮಗುವಿನ ಹಾಗೆ ಅತ್ತರು.

"ಇಷ್ಟು ವರ್ಷ ಯಾಕ ಬರ್ಲಿಲ್ಲವ್ವ ನೀನು? ನಮ್ಮಮ್ಮಿ ಬಾಗಿಲು ನೋಡ್ಕೊಂಡೇ ಹೋದ್ಲು."

"ನೀನು ಅವತ್ತು ಲೋಡು ಅಂದೆಲ್ಲ ಅಣ್ಣ."

"ಏನಂದೆ ನಾನು? ಯಾವತ್ತು?"

ಮಾಮುಗೆ ನಿಜವಾಗಿಯೂ ನೆನಪಿರಲಿಲ್ಲ. ಮುಖ ನೋಡಿದರೆ ತಿಳಿಯುತ್ತಿತ್ತು. ಅಬ್ಬಾ ಅಂಗಳದಲ್ಲಿ ನಿಂತು ಅದನ್ನು ಕೇಳಿಸಿಕೊಂಡರು. ಅವರ ಅಂಗಿಯ ತೋಳಿಗೆ ಅವತ್ತೂ ಗ್ರೀಸು ಇತ್ತು, ಈ ಸಲ ಮುಚ್ಚಿಕೊಳ್ಳಲಿಲ್ಲ.

ದಾವಣಗೆರೆಗೆ ಬಂದ ಮೇಲೆ ಅಬ್ಬಾ ಪಟ್ಟಿಗಳನ್ನು ಮೊದಲಿದ್ದ ಹಾಗೇ ಕೂರಿಸಿದರು. ಜಾಸ್ತಿಯ ಪಟ್ಟಿಯನ್ನು ತೆಗೆಯಲಿಲ್ಲ. ಅಮ್ಮಿಯ ಚೀಲವನ್ನು ಅದರ ಜಾಗದಲ್ಲಿ ಕೂರಿಸಿ ಸಂಜೆ ಹೊತ್ತು ಹರಿಹರದ ದಾರಿಯ ಬಾತಿಯವರೆಗೆ ಒಬ್ಬರೇ ಕಾರು ಓಡಿಸಿಕೊಂಡು ಹೋಗಿ ಬರುತ್ತಿದ್ದರು. ಕಾರು ಚೆನ್ನಾಗಿತ್ತು. ಗುಂಡಿಗೆ ಬಿದ್ದರೂ ಲೋಟದ ಚಹಾ ತುಳುಕದ ಹಾಗೆ ಹೋಗುತ್ತಿತ್ತು. ಅಷ್ಟು ಒಳ್ಳೆಯ ಪಟ್ಟಿಯನ್ನು ಅವರು ಜೀವನದಲ್ಲಿ ಬೇರೆ ಮಾಡಲಿಲ್ಲ. ಒಂದು ದಿನ ಅವರು, ಬಾ ಅಂದಾಗ ಅಮ್ಮಿ ರೊಟ್ಟಿಯಿಂದ ಕಣ್ಣೆತ್ತದೆ ಹೇಳಿದಳು:

"ನನ್ನ ಜಾಗದಾಗೆ ಕುಂತೈತಲ್ಲ, ಅದನ್ನೇ ಕರ್ಕೊಂಡು ಹೋಗ್ರಿ."

ಅವಳು ಸಾಯುವವರೆಗೂ ಆ ಕಾರು ಹತ್ತಲಿಲ್ಲ. ಸಾಯಲು ಬಹಳ ವರ್ಷವೂ ಹಿಡಿಯಲಿಲ್ಲ. ಅವಳು ಹೋದ ಮೇಲೂ ಅಬ್ಬಾ ಚೀಲವನ್ನು ಇಳಿಸಲಿಲ್ಲ, ದಾದಿಯದನ್ನು ಇಳಿಸಿದ ಹಾಗೆ. ನಾನು ಓದಿ ಟೀಚರಾದೆ, ಅಬ್ಬಾರೂ ಹೋದರು, ಮನೆ ಹೋಯಿತು, ಗೋಡೆಯ ಮೇಲಿದ್ದ ಸೀಮೆಸುಣ್ಣದ ಗೆರೆಗಳೂ ಅದರ ಜೊತೆಗೇ ಹೋದವು. ಕಾರು ಮಾತ್ರ ನನ್ನ ಬೆನ್ನು ಬಿಡದೆ ಈ ಬಡಾವಣೆಗೆ ಬಂದು ತಗಡಿನ ಕೆಳಗೆ ನಿಂತಿದೆ.

ಹಾಟ್ ರಾಡ್ ಅಂದೆನಲ್ಲ, ಆ ಮೆಕ್ಯಾನಿಕ್ ಮಂಜುನಾಥ ಮೊನ್ನೆ ಮತ್ತೆ ಬಂದಿದ್ದ. ಮದುವೆ ಮೆರವಣಿಗೆಗೆ ಬಿಡಲು ಅವನಿಗೆ ಇಂಥದ್ದೊಂದು ಬೇಕಂತೆ. ಟೈರಿಗೆ ಗಾಳಿ ತುಂಬಿಸಿ ಕಾರನ್ನು ಸಮ ನೆಲಕ್ಕೆ ತಳ್ಳಿಸಿ ನಿಲ್ಲಿಸಿದ. ಗೋಣಿ ಯಾವಾಗಲೋ ಲಡ್ಡಾಗಿ ಹರಿದು, ಮರಳೆಲ್ಲ ತುಕ್ಕಿನ ತೂತುಗಳಿಂದ ಸೋರಿಹೋಗಿತ್ತು. ಸೀಟಿನ ಸಂದಿಯಲ್ಲಿ ಒಂದು ಹಿಡಿಯಷ್ಟು ಉಳಿದಿತ್ತು. ಅವನು ಹಿಂದಿನಿಂದ ನೋಡಿದ, ಕೆಳಗೆ ತೂರಿ ನೋಡಿದ, ಮೈ ಕೊಡವಿಕೊಂಡು ಎದ್ದ.

"ಎಡಗಡೆ ಒಂದು ಪಟ್ಟಿ ಜಾಸ್ತಿ ಐತ್ರಿ ಮೇಡಂ. ಅದಕ್ಕೇ ಎತ್ತಿ ನಿಂತೈತೆ. ಯಾರೋ ತಪ್ಪು ಮಾಡ್ಯಾರೆ. ಒಂದ್ನಿಮಿಷ ನೀವು ಆ ಕಡೆ ಕೂಡ್ರಿ, ಎಷ್ಟು ಇಳೀತೈತೆ ನೋಡ್ತೀನಿ."

ನಾನು ಅಮ್ಮಿಯ ಆ ಜಾಗದಲ್ಲಿ ಯಾವತ್ತೂ ಕೂತವಳಲ್ಲ. ಕೂತೆ. ಪಟ್ಟಿಗಳು ಕಿರ್ ಅಂದು ನಿಧಾನವಾಗಿ ತಗ್ಗಿದವು. ಅವನು ಹಿಂದೆ ಹೋಗಿ ಬಗ್ಗಿ, ಒಂದು ಕಣ್ಣು ಮುಚ್ಚಿ ನೋಡಿದ.

"ಕರೆಕ್ಟಾಗಿ ಸಮ ಬಂತು ನೋಡ್ರಿ."

ಅಂದರೆ ಆ ಹಲಗೆಯ ಮೇಲೆ ಕೂತು ನಕ್ಕ ದಿನ ನನ್ನ ಅಮ್ಮಿ ಇಷ್ಟಿದ್ದಳು. ತೋಳು ಇಷ್ಟು ದಪ್ಪ, ತೊಡೆ ಇಷ್ಟು ಅಗಲ. ನನ್ನ ನೆನಪಿನಲ್ಲಿ ಉಳಿದಿರುವವಳು ಬಳೆ ನಿಲ್ಲದ ಕೈಯ ಹೆಂಗಸು. ಈ ಅಮ್ಮಿಯನ್ನು ನಾನು ಕಳೆದುಕೊಂಡೇ ಬಿಟ್ಟಿದ್ದೆ. ಅವಳನ್ನು ಇಷ್ಟು ಸರಿಯಾಗಿ ಅಳೆದು ಇಟ್ಟುಕೊಂಡಿದ್ದ ಮನುಷ್ಯನಿಗೆ ಅವಳು ಕಣ್ಣೆದುರೇ ಕರಗಿದ್ದು ಕಾಣಲಿಲ್ಲ. ಸೀಟಿನ ಸಂದಿಯ ಮರಳನ್ನು ಬೆರಳಿನಿಂದ ಮುಟ್ಟಿದೆ. ಅಳು ಬರುತ್ತದೆ ಅಂದುಕೊಂಡಿದ್ದೆ, ಬರಲಿಲ್ಲ. ಅದೂ ಒಣಗಿಹೋಗಿದೆ.

"ಏನ್ ಮಾಡ್ಲಿ ಮೇಡಂ, ಆ ಪಟ್ಟಿ ತೆಗೀಲೋ ಬ್ಯಾಡೋ?"

"ತೆಗಿಯಪ್ಪ," ಅಂದೆ. "ಇಲ್ಲಿ ಕೂರೋರು ಯಾರೂ ಇಲ್ಲ."

"ಹಂಗಾರೆ ಇಳೀರಿ."

ಇಳಿಯಲು ಕಾಲು ಚಾಚಿದೆ. ಯಾರೂ ಎತ್ತಿ ಇಳಿಸಬೇಕಾಗಲಿಲ್ಲ. ನೆಲ ಅಲ್ಲೇ ಇತ್ತು.